ಬಾವಿಯ ಕಂಬದ ಗಂಡು ಕಡಜಗಳು

ಆ ಬೆಳಿಗ್ಗೆ ನನ್ನ ಹೆಂಡತಿ ಒಂದು ಕಡಜವನ್ನು ಎರಡು ಬೆರಳಲ್ಲಿ ಹಿಡಿದು ತಂದು ನನ್ನ ಅಂಗೈ ಮೇಲೆ ಬಿಟ್ಟಳು. ನಾನು ಕೈ ಜಾಡಿಸಲು ಹೋದೆ. ಅವಳು ನನ್ನ ಮಣಿಕಟ್ಟು ಹಿಡಿದುಕೊಂಡಳು.

"ಯಾಕ ಅಂಜತೀರಿ? ಗಂಡು ಅದ. ಏನೂ ಮಾಡಂಗಿಲ್ಲ."

ಕಡಜ ಬಾಲವನ್ನು ಬಗ್ಗಿಸಿ ನನ್ನ ಅಂಗೈಯನ್ನು ಚುಚ್ಚಲು ಮತ್ತೆ ಮತ್ತೆ ನೋಡಿತು. ಚುಚ್ಚಲಿಲ್ಲ. ಚುಚ್ಚಲು ಅದಕ್ಕೆ ಮುಳ್ಳೇ ಇರಲಿಲ್ಲ.

"ನೋಡ್ರಿ, ಬರೇ ಸೋಗು," ಎಂದಳು.

"ಗಂಡು ಅಂತ ಹ್ಯಾಂಗ ಗೊತ್ತಾತು ನಿನಗ?"

"ಮಾರಿ ನೋಡ್ರಿ, ಹೆಣ್ಣಿಂದರಂಗ ಕೆಂಪಿಲ್ಲ, ಹಳದಿ ಅದ. ಮೀಸಿ ತುದಿ ಸುರುಳಿ ಸುತ್ಯದ, ನಮ್ಮೂರ ಗೌಡ್ರ ಮೀಸಿ ಹಂಗ. ಹೆಣ್ಣಿನ ಮೀಸಿ ನೆಟ್ಟಗಿರ್ತದ."

ದಸರಾ ಮುಗಿದಿತ್ತು, ದೀಪಾವಳಿ ಬರಬೇಕಿತ್ತು. ಕಮಲಾಪುರದ ನಮ್ಮ ತೋಟದಲ್ಲಿ ಕೆಂಪು ಬಾಳೆಯ ಗೊನೆಗಳು ಬಣ್ಣಕ್ಕೆ ತಿರುಗುತ್ತಿದ್ದವು. ಎತ್ತು ಕಟ್ಟಿ ತೊಗಲಿನ ಮೊಟ್ಟೆಯಿಂದ ನೀರು ಎತ್ತುವ ಬಾವಿ ನಮ್ಮದು. ಮೊಟ್ಟೆಯ ಗಾಲಿಯನ್ನು ಹೊತ್ತು ನಿಂತ ಎರಡು ಕಲ್ಲುಕಂಬಗಳ ಮೇಲೆ ಬೆಳಗಿನ ಬಿಸಿಲು ಬೀಳುತ್ತಲೇ ಗಂಡು ಕಡಜಗಳು ಬಂದು ಕೂರುತ್ತಿದ್ದವು. ಪ್ರತಿಯೊಂದಕ್ಕೂ ತನ್ನದೇ ಜಾಗ. ಕುಳಿತ ಜಾಗದ ಮೇಲೆ ಹೊಟ್ಟೆಯ ತುದಿಯನ್ನು ಉಜ್ಜಿ ಉಜ್ಜಿ ಹೋಗುತ್ತಿದ್ದವು, ಮನೆಯ ಮುಂದೆ ಸೆಗಣಿ ಸಾರಿಸಿದ ಹಾಗೆ. ಬೇರೊಂದು ಗಂಡು ಹತ್ತಿರ ಹಾರಿದರೆ ಎದ್ದು ಅದನ್ನು ಅಟ್ಟಿಸಿಕೊಂಡು ಹೋಗಿ, ಗಾಳಿಯಲ್ಲಿಯೇ ಹಾಯ್ದು, ಮತ್ತೆ ಬಂದು ಅದೇ ಜಾಗದಲ್ಲಿ ಕೂರುತ್ತಿದ್ದವು. ಕೆಲವೊಮ್ಮೆ ಎರಡೂ ತೆಕ್ಕೆ ಬಿದ್ದು ನೆಲಕ್ಕೆ ಉರುಳುತ್ತಿದ್ದವು. ಯಾವುದಕ್ಕೂ ಗಾಯವಾಗುತ್ತಿರಲಿಲ್ಲ.

ನನ್ನ ಹೆಂಡತಿ ಅವಕ್ಕೆಲ್ಲ ಹುದ್ದೆ ಕೊಟ್ಟಿದ್ದಳು. "ತುದೀಗೆ ಕುಂತದಲ್ರೀ, ಅದು ತಹಶೀಲ್ದಾರ. ಅದರ ಕೆಳಗ ಗಿರ್ದಾವರ. ಆ ಕಡಿ ಕಂಬದ್ದು ಜವಾನ, ಎಲ್ಲಾರ ಬಾಯಾಗೂ ಬೈಸ್ಕೊಳ್ಳೋದೇ ಅದರ ಕೆಲಸ."

"ಬಾವಿ ಗ್ವಾಡಿ ಮ್ಯಾಲ ಒಂದೇ ಕುಂತದಲ್ಲ, ಅದು?"

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು, "ಅದು ಮನಿಅಳಿಯ ಇರಬೇಕು," ಎಂದಳು.

ಬಾಳೆಯ ಸಾಲಿನ ಹಿಂದಿನಿಂದ ಅತ್ತೆಯವರು ಮಗಳನ್ನು ಕೂಗಿದ ದನಿ ಬಂತು. "ಏ ತಂಗಿ, ಹಂಗೆಲ್ಲ ಅನಬ್ಯಾಡ. ಅವರು ಏನಾರ ಅಂದ್ಕೊಂಡಾರು. ಹಸಿವಿ ಆಗ್ಯದೇನು ಕೇಳು, ಬುತ್ತಿ ಬಿಚ್ಚು."

ಮಾರು ದೂರದಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡ ನನ್ನ ಕಡೆಗೆ ತಿರುಗಿ ನನ್ನ ಹೆಂಡತಿ ಹೇಳಿದಳು. "ಅವ್ವ ಕೇಳ್ಲಾಕತ್ತಾಳ, ನಮ್ಮ ಅಳಿಯಂದ್ರು ಮುಂಜಾನಿಂದ ಎತ್ತಿಗಿಂತ ಹೆಚ್ಚು ದುಡದಾರ, ಪಾಪ, ಹಸದಿರಬೇಕು ಅಂತ."

"ನಾ ಎಲ್ಲಿ ಎತ್ತು ಅಂದೆ?" ಎಂದಿತು ಬಾಳೆಯ ಸಾಲು.

"ಹಸಿವಿ ಆಗ್ಯದ ಅಂತ ಹೇಳು," ಎಂದೆ ನಾನು.

"ಅವ್ವಾ, ನಿನ್ನ ರೊಟ್ಟಿ ಮುಂದ ಇಡೀ ಕಮಲಾಪುರದಾಗ ಯಾರ ರೊಟ್ಟೀನೂ ಇಲ್ಲಂತ. ನೆನಸ್ಕೊಂಡು ಬಾಯಾಗ ನೀರು ಬಂದಾವಂತ."

ಬಾಳೆಯ ಎಲೆಗಳ ಆಚೆ ನಗು ಕೇಳಿಸಿತು. ಊಟ ಮಾಡಿದೆವು. ಎತ್ತುಗಳಿಗೆ ನೀರು ಕುಡಿಸಿದೆ. ಸಂಜೆ ಮನೆಗೆ ಬರುವ ದಾರಿಯಲ್ಲಿ ಅವಳು ತಲೆ ನೋಯುತ್ತಿದೆ ಎಂದಳು. ನಮ್ಮ ಕೊನೆಯ ಸಾಮಾನ್ಯ ದಿನ ಅದು.

ಅತ್ತೆಯವರು ಬಾಳೆಯ ಹಿಂದೆ ಏಕೆ ನಿಂತಿದ್ದರು ಎಂಬುದನ್ನು ಹೇಳಬೇಕು. ನಮ್ಮ ಕಡೆ ಹಳೆಯ ಮನೆತನಗಳಲ್ಲಿ ಅತ್ತೆ ಅಳಿಯನ ಎದುರು ಬರುವುದಿಲ್ಲ, ಅಳಿಯನೊಂದಿಗೆ ನೇರವಾಗಿ ಮಾತಾಡುವುದಿಲ್ಲ. ಸೆರಗು ಹೊದ್ದು ಬಾಗಿಲ ಮರೆಯಲ್ಲಿ ನಿಂತು ಮಗಳ ಮೂಲಕ ಹೇಳಿಸುತ್ತಾರೆ. ಹಬ್ಬಕ್ಕೆ ಬಂದು ಹೋಗುವ ಅಳಿಯನಾದರೆ ಇದು ಎರಡು ದಿನದ ಮಾತು. ನಾನು ಅದೇ ಮನೆಯಲ್ಲಿ ಇದ್ದವನು. ವರ್ಷಗಟ್ಟಲೆ ಒಂದೇ ಸೂರಿನ ಕೆಳಗೆ ಉಂಡು ಮಲಗಿದರೂ ಅತ್ತೆಯವರು ಆ ಮರ್ಯಾದೆಯನ್ನು ಬಿಟ್ಟಿರಲಿಲ್ಲ, ನಾನೂ ಬಿಟ್ಟಿರಲಿಲ್ಲ. ನನ್ನ ಹೆಂಡತಿ ದಿನವೆಲ್ಲ ಇಬ್ಬರ ಮಾತನ್ನೂ ಈ ಕಡೆಯಿಂದ ಆ ಕಡೆಗೆ ಒಯ್ಯುತ್ತಿದ್ದಳು. ಒಯ್ಯುವಾಗ ತನ್ನದೊಂದಿಷ್ಟು ಸೇರಿಸುತ್ತಿದ್ದಳು. ಅತ್ತೆಯವರು, "ಬಾವಿ ಹಗ್ಗ ಹಳೇದಾಗ್ಯದ ಅಂತ ಹೇಳು," ಎಂದರೆ ನನಗೆ ಬಂದು ಮುಟ್ಟುವ ಮಾತು, "ನಿಮ್ಮಂಗ ಹಗ್ಗ ಹೊಸಿಯೋರು ಈ ಸೀಮ್ಯಾಗ ಇಲ್ಲಂತ, ಅದಕ್ಕ ಹೊಸಾದು ನಿಮ್ಮ ಕೈಲೇ ಆಗಬೇಕಂತ," ಎಂದಾಗಿರುತ್ತಿತ್ತು. ಇಬ್ಬರೂ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದೆವು. ಅವಳು ಸೇರಿಸಿದ್ದು ಎಷ್ಟು ಎಂಬುದು ಇಬ್ಬರಿಗೂ ಗೊತ್ತಿರುತ್ತಿತ್ತು. ಆದರೂ ಅವಳು ಹೇಳಿದಂತೆಯೇ ನಂಬಿ ನಡೆಯುತ್ತಿದ್ದೆವು.

ನಾನು ಹುಟ್ಟಿದ್ದು ಕಲಬುರಗಿಯಲ್ಲಿ, ಕೋಟೆಯ ಹಿಂದಿನ ಓಣಿಯಲ್ಲಿ. ತಂದೆಯ ಮುಖ ನನಗೆ ನೆನಪಿಲ್ಲ. ಅಣ್ಣ ಕಿರಾಣಿ ಅಂಗಡಿ ನಡೆಸಿ ನನ್ನನ್ನು ಬೆಳೆಸಿದ. ಅಯ್ಯನವರ ಮಠದಲ್ಲಿ ಮರಳ ಮೇಲೆ ಕನ್ನಡ ಅಕ್ಷರ ತಿದ್ದಿದೆ, ಸರ್ಕಾರಿ ಶಾಲೆಯಲ್ಲಿ ಒಂದಿಷ್ಟು ಉರ್ದು ಕಲಿತೆ. ಕಮಲಾಪುರದ ಈ ಮನೆಯಲ್ಲಿ ಗಂಡುಮಕ್ಕಳಿರಲಿಲ್ಲ. ಮಾವ ತೀರಿಕೊಂಡ ಮೇಲೆ ತಾಯಿ ಮಗಳು ಇಬ್ಬರೇ ತೋಟ ನಡೆಸುತ್ತಿದ್ದರು. ಅವರಿಗೊಬ್ಬ ಗಂಡು ಬೇಕಾಗಿತ್ತು, ನಮ್ಮ ಅಣ್ಣನಿಗೆ ಒಂದು ಬಾಯಿ ಕಡಿಮೆಯಾಗಬೇಕಿತ್ತು. ಹಾಗೆ ನಾನು ಮನೆಅಳಿಯನಾದೆ.

ಮನೆಅಳಿಯನಿಗೆ ಆ ಮನೆಯಲ್ಲಿರುವ ನೆಲೆ ಹೆಂಡತಿಯಿಂದ. ಮಕ್ಕಳಾದರೆ ಮಕ್ಕಳಿಂದ. ನಮಗೆ ಮಕ್ಕಳಾಗಲಿಲ್ಲ. ಇದನ್ನು ಯಾರೂ ನನ್ನ ಮುಂದೆ ಆಡಿ ತೋರಿಸಲಿಲ್ಲ, ಆದರೆ ನನಗೆ ಗೊತ್ತಿತ್ತು. ಅವಳಿದ್ದರೆ ನನಗೆ ಮನೆ ಉಂಟು, ಅವಳಿಲ್ಲದಿದ್ದರೆ ಇಲ್ಲ.

ಕಡಜಗಳನ್ನು ನೋಡಲು ಕಲಿಸಿದವಳೂ ಅವಳೇ. ನಮ್ಮ ಮಾಳಿಗೆ ಮನೆಯ ಪಡಸಾಲೆಯಲ್ಲಿ, ಬಾಗಿಲ ಮೇಲಿನ ಜಂತಿಗೆ ಪ್ರತಿವರ್ಷ ಕಡಜಗಳು ಒಂದು ಗೂಡು ಕಟ್ಟುತ್ತಿದ್ದವು. ಬೂದು ಬಣ್ಣದ ಕಾಗದದಂಥ ಗೂಡು, ತೊಟ್ಟಿನ ಮೇಲೆ ತಲೆಕೆಳಗಾಗಿ ತೂಗುವ ಹೂವಿನ ಹಾಗೆ. ಅದನ್ನು ಕೀಳಲು ಅತ್ತೆಯವರು ಬಿಡುತ್ತಿರಲಿಲ್ಲ. ಕಡಜ ಗೂಡು ಕಟ್ಟಿದ ಮನೆಯಲ್ಲಿ ತೊಟ್ಟಿಲು ತೂಗುತ್ತದೆ ಎಂದು ಅವರ ನಂಬಿಕೆ. ತೊಟ್ಟಿಲು ತೂಗಲಿಲ್ಲ. ಗೂಡು ಮಾತ್ರ ಪ್ರತಿವರ್ಷ ಬರುತ್ತಿತ್ತು, ಪ್ರತಿವರ್ಷ ಅದನ್ನು ಉಳಿಸುತ್ತಿದ್ದರು.

ಮದುವೆಯಾದ ಹೊಸತರಲ್ಲಿ ನನಗೆ ಆ ಬಾಗಿಲಲ್ಲಿ ಹಾಯಲು ಹೆದರಿಕೆ. ನನ್ನ ಹೆಂಡತಿ ನನ್ನನ್ನು ಗೂಡಿನ ಕೆಳಗೆ ಕೂರಿಸಿ ತೋರಿಸಿದಳು. ನಾರು ತರುವುದು, ಗೂಡು ಕಟ್ಟುವುದು, ಹುಳು ಹಿಡಿದು ಅಗಿದು ಮರಿಗಳ ಬಾಯಿಗೆ ಇಡುವುದು, ಕಾವಲು, ಎಲ್ಲವೂ ಹೆಣ್ಣುಗಳ ಕೆಲಸ. ಮಳೆಗಾಲ ಕಳೆಯುವ ಹೊತ್ತಿಗೆ ಗಂಡುಗಳು ಹುಟ್ಟುತ್ತವೆ. ಅವು ಏನೂ ಮಾಡುವುದಿಲ್ಲ. ಗೂಡಿನ ಹಿಂಬದಿಗೆ ಗುಂಪಾಗಿ ಕೂತು, ಹೆಣ್ಣು ಊಟ ತಂದಾಗ ಬಾಯಿ ಮುಂದೆ ಚಾಚುತ್ತವೆ. ಹೆಣ್ಣುಗಳು ಸ್ವಲ್ಪ ದಿನ ಸಹಿಸುತ್ತವೆ. ಆಮೇಲೆ ಕಚ್ಚಿ ದೂಡುತ್ತವೆ. ಮರಿಗಳ ಊಟಕ್ಕೆ ಗಂಡು ಅಡ್ಡ ಬಂದರೆ ಅದನ್ನು ಹಿಂದಿನಿಂದ ನೂಕಿ ಖಾಲಿ ಕೋಣೆಯೊಂದರಲ್ಲಿ ತಲೆ ಮುಂದಾಗಿ ತುರುಕುವುದನ್ನೂ ನಾವು ನೋಡಿದ್ದೇವೆ. ಬಾಲವೊಂದೇ ಹೊರಗೆ ಕಾಣುತ್ತಿತ್ತು. ನನ್ನ ಹೆಂಡತಿ ನಕ್ಕು ನಕ್ಕು ಕಂಬ ಹಿಡಿದುಕೊಂಡಿದ್ದಳು. ಅಂದಿನಿಂದ ಅತ್ತೆಯವರು ಕಸ ಗುಡಿಸುವಾಗ ನಾನು ಪಡಸಾಲೆಯ ನಡುವೆ ಕೂತಿದ್ದರೆ ಅವಳು, "ಏಳ್ರೀ, ಇಲ್ಲಾಂದ್ರ ಖೋಲ್ಯಾಗ ತುರುಕ್ತಾರ," ಎನ್ನುತ್ತಿದ್ದಳು.

ಹಾಗೆ ಹೊರಬಿದ್ದ ಗಂಡು ಹುಟ್ಟಿದ ಗೂಡಿಗೆ ಮತ್ತೆ ಬರುವುದಿಲ್ಲ. ಎತ್ತರದ ಕಂಬ, ಬಿಸಿಲು ಬೀಳುವ ಗೋಡೆ, ಒಂಟಿ ಮರ, ಇಂಥಲ್ಲಿಗೆ ಹೋಗಿ ಕೂತು ಕಾಯುತ್ತದೆ. ಏನನ್ನು ಕಾಯುತ್ತದೆ ಎಂದು ನಾನು ಕೇಳಿದ್ದೆ.

"ಏನಂದ್ರ? ನೀವು ಕಲಬುರ್ಗ್ಯಾಗ ಕುಂತು ಏನು ಕಾಯ್ತಿದ್ರಿ?"

ಒಂದು ಮಧ್ಯಾಹ್ನ ಅದನ್ನು ಕಂಡೆವು. ಕಂಬದ ಹತ್ತಿರ ನೆಟ್ಟನೆ ಮೀಸೆಯ ಹೆಣ್ಣೊಂದು ಹಾರಿ ಬಂತು. ತಹಶೀಲ್ದಾರನೂ ಜವಾನನೂ ಒಟ್ಟಿಗೆ ಎದ್ದರು. ಅದನ್ನು ಹಿಡಿದದ್ದು ಮಾತ್ರ ಬಾವಿಯ ಗೋಡೆಯ ಮೇಲಿನ ಒಂಟಿ ಗಂಡು. ಹೆಣ್ಣಿನ ಬೆನ್ನೇರಿ, ತನ್ನ ಸುರುಳಿ ಮೀಸೆಯಿಂದ ಅದರ ಮೀಸೆಯನ್ನು ಮೇಲಿನಿಂದ ಕೆಳಗೆ ಸವರುತ್ತ ಸವರುತ್ತ ಇತ್ತು. ತಲೆ ಬಾಚುವ ಹಾಗೆ. ಹೆಣ್ಣು ಸುಮ್ಮನೆ ನಿಂತಿತು. ಬಾಲದ ತುದಿಗಳು ಕೂಡಿದವು. ಸ್ವಲ್ಪ ಹೊತ್ತಿನಲ್ಲಿ ಹೆಣ್ಣು ಅದನ್ನು ಕೊಡವಿ ಹಾರಿ ಹೋಯಿತು. ಗಂಡು ತನ್ನ ಜಾಗಕ್ಕೆ ಬಂದು ಕೂತು ಮುಖ ಒರೆಸಿಕೊಂಡಿತು.

"ಅಷ್ಟೇನಾ?" ಎಂದೆ.

"ಅಷ್ಟಕ್ಕ ತಿಂಗಳಾನಗಟ್ಲೆ ಕುಂತಿತ್ತು ಪಾಪ," ಎಂದಳು. ಆಮೇಲೆ, ಏನೋ ನೆನಪಾದವಳಂತೆ, "ಆದ್ರೂ ಛಂದ ಸವರ್ತು," ಎಂದು ಬುತ್ತಿಯ ಬಟ್ಟೆ ಕೊಡವುತ್ತ ಎದ್ದು ಹೋದಳು.

ತೋಟದಿಂದ ಬರುವಾಗಿನ ಆ ತಲೆನೋವು ಜ್ವರಕ್ಕೆ ತಿರುಗಿತು. ಆ ವರ್ಷ ಬಂದ ಜ್ವರ ಊರೂರನ್ನೇ ಮಲಗಿಸಿತ್ತು. ನಮ್ಮ ಓಣಿಯಲ್ಲಿ ಒಲೆ ಹೊತ್ತದ ಮನೆಗಳಿದ್ದವು. ಅವಳು ಮಲಗಿದವಳು ಏಳಲಿಲ್ಲ. ಕಡೆಯ ದಿನ ಅತ್ತೆಯವರು ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು, ನಾನು ಪಾದದ ಹತ್ತಿರ ಕೂತಿದ್ದೆ. ಸೆರಗು ಜಾರಿದ್ದನ್ನು ಅವರು ಸರಿಮಾಡಿಕೊಳ್ಳಲಿಲ್ಲ. ಅವರ ಮುಖವನ್ನು ನಾನು ಪೂರ್ತಿಯಾಗಿ ನೋಡಿದ್ದು ಅಂದೇ ಮೊದಲು. ಮಗಳ ಮೂಗು, ಮಗಳ ಗದ್ದ. ತೋಟದ ಬದುವಿನಲ್ಲಿ, ಮಾವನ ಪಕ್ಕದಲ್ಲಿ ಅವಳನ್ನು ಮಣ್ಣು ಮಾಡಿದೆವು.

ಬಂದವರೆಲ್ಲ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ ಉಳಿದೆವು. ಇಬ್ಬರ ನಡುವೆ ಮಾತು ಒಯ್ಯುವವರು ಯಾರೂ ಇರಲಿಲ್ಲ.

ಮೊದಲ ದಿನಗಳಲ್ಲಿ ಮಾತೇ ಇರಲಿಲ್ಲ. ತಾಟು ಇಟ್ಟ ಸಪ್ಪಳ ಕೇಳಿದರೆ ನಾನು ಹೋಗಿ ಉಣ್ಣುತ್ತಿದ್ದೆ. ಒಂದು ಬೆಳಿಗ್ಗೆ ಅಡುಗೆ ಮನೆಯ ಬಾಗಿಲಿಂದ ಅವರ ದನಿ ಬಂತು. ತಲೆಯೆತ್ತಿ ಜಂತಿಯ ಗೂಡನ್ನು ನೋಡಿ ಹೇಳುತ್ತಿದ್ದರು.

"ಏ ಯವ್ವಗೋಳ್ಯಾ, ನೀರು ಕಾದಾವ ಅಂತ ಅವರಿಗೆ ಹೇಳ್ರಿ."

ನಾನು ಪಡಸಾಲೆಯ ಒಳಗಿನ ಕೋಣೆಯಲ್ಲಿದ್ದೆ. ನಾನೂ ಗೂಡಿಗೇ, "ಬಂದೆ ಅಂತ ಹೇಳ್ರಿ," ಎಂದೆ. ಹಾಗೆ ಶುರುವಾಯಿತು. ಎತ್ತಿನ ಮೇವು, ಗೊನೆ ಕಡಿಯುವ ದಿನ, ಪಲ್ಯಕ್ಕೆ ಉಪ್ಪು, ಎಲ್ಲವೂ ಕಡಜಗಳ ಮೂಲಕವೇ. ಆ ದಿನಗಳಲ್ಲಿ ಅವರು ನನಗೆ ಒಂದು ಹೊತ್ತೂ ಆರಿದ ರೊಟ್ಟಿ ಹಾಕಲಿಲ್ಲ. ಮಗಳನ್ನು ಕಳೆದುಕೊಂಡ ತಾಯಿ ಒಲೆಯ ಮುಂದೆ ಕೂತು ಪರರ ಮಗನಿಗೆ ಬಿಸಿ ರೊಟ್ಟಿ ತಟ್ಟುತ್ತಿದ್ದ ಸಪ್ಪಳ ಈಗಲೂ ನನ್ನ ಕಿವಿಯಲ್ಲಿದೆ. ಅವರಿಗೆ ನಾನು ಎಷ್ಟು ಋಣಿ ಎಂದು ಹೇಳಲು ಆಗಲೂ ಬರಲಿಲ್ಲ, ಈಗಲೂ ಸರಿಯಾಗಿ ಬರುವುದಿಲ್ಲ.

ದೀಪಾವಳಿ ದೀಪವಿಲ್ಲದೆ ಕಳೆಯಿತು. ಚಳಿ ಶುರುವಾಯಿತು. ಒಂದು ದಿನ ನಾನು ಕೋಣೆಯಲ್ಲಿ ಹಗ್ಗ ಹೊಸೆಯುತ್ತಿದ್ದಾಗ ಅತ್ತೆಯವರು ಬಾಗಿಲ ಕೆಳಗೆ ನಿಂತು ಗೂಡಿಗೆ ಹೇಳುತ್ತಿದ್ದುದು ಕೇಳಿಸಿತು.

"ನೂಕ್ರವಾ ಅದನ್ನ. ಇನ್ನೂ ಎಷ್ಟು ದಿನ ಅಂತ ಕೂಡಿಸ್ಕೊಂಡು ಉಣಸ್ತೀರಿ? ಗಂಡು ಅಂದಮ್ಯಾಲ ಹೊಂಡಬೇಕು. ತನ್ನ ದಾರಿ ತಾನು ನೋಡ್ಕೋಬೇಕು."

ನನ್ನ ಕೈ ನಿಂತಿತು. ಇಷ್ಟು ದಿನ ಅವರು ಗೂಡಿಗೆ ಹೇಳಿದ್ದೆಲ್ಲ ನನಗೆ ಹೇಳಿದ್ದೇ ಆಗಿತ್ತು. ಇದೂ ನನಗೇ ಎಂದುಕೊಂಡೆ. ಸಿಟ್ಟು ಬರಲಿಲ್ಲ. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಬಾಯಿಬಿಟ್ಟು ಹೇಳಲಾಗದೆ ಹೀಗೆ ಮರ್ಯಾದೆಯಿಂದ ಹೇಳಿದ್ದಾರೆ, ಅದಕ್ಕೂ ಅವರಿಗೆ ಕೈಮುಗಿಯಬೇಕು ಎಂದು ಅನಿಸಿತು. ಹೌದೇ ಎಂದು ಕೇಳಲು ನಡುವೆ ಯಾರೂ ಇರಲಿಲ್ಲ.

ಮರುದಿನ ಬಾಗಿಲಲ್ಲಿ ನಿಂತು, "ಅಣ್ಣನ ಮನೀಗಿ ಹೋಗ್ತೀನಿ ಅಂತ ಹೇಳ್ರಿ," ಎಂದೆ. ಸ್ವಲ್ಪ ಹೊತ್ತಿನ ಮೇಲೆ ಬುತ್ತಿಯ ಗಂಟೊಂದು ಹೊಸ್ತಿಲ ಮೇಲೆ ಬಂತು. ಅದರ ಪಕ್ಕದಲ್ಲಿ ಆರಿಸಿದ ಕೆಂಪು ಬಾಳೆಹಣ್ಣಿನ ಒಂದು ಚಿಪ್ಪು. ಕಳಿಸಿಕೊಡುವವರು ಕೊಡುವ ಹಾಗೆಯೇ ಇತ್ತು. ಅವರು ತಡೆಯಲಿಲ್ಲವೆಂದು ನನ್ನ ಅನುಮಾನ ಗಟ್ಟಿಯಾಯಿತು.

ಬಾಳೆಕಾಯಿಯ ಬಂಡಿ ಕಲಬುರಗಿಗೆ ಹೊರಟಿತ್ತು, ಅದರಲ್ಲಿ ಕೂತೆ. ಬಂಡಿ ಹೊಡೆಯುವವರು ವರ್ಷಗಳಿಂದ ನಮ್ಮ ಕಾಯಿ ಒಯ್ಯುವ ಸಾಬರು. "ಕ್ಯಾ ದಾಮಾದ್ ಸಾಬ್, ಅಳಿಯಂದ್ರ ಗಂಟು ದೊಡ್ಡದದ? ಊರು ಬಿಟ್ಟು ಹೊಂಟೀರೇನು?" ಎಂದು ಚೇಷ್ಟೆ ಮಾಡಿದರು. ನಾನು ಗಂಟನ್ನು ತೊಡೆಯ ಮೇಲೆ ಎಳೆದುಕೊಂಡೆ. ಅವರು ನನ್ನ ಮುಖ ನೋಡಿ ಆಮೇಲೆ ಕಪನೂರು ದಾಟುವವರೆಗೂ ಎತ್ತುಗಳೊಂದಿಗೆ ಮಾತ್ರ ಮಾತಾಡಿದರು.

ಅಣ್ಣ, "ಹುಟ್ಟಿದ ಮನಿ ಅದ, ಇರು," ಎಂದ. ಅತ್ತಿಗೆ ಮುಖ ಸಣ್ಣದು ಮಾಡಲಿಲ್ಲ. ನಾನು ಮಲಗುತ್ತಿದ್ದ ಮೂಲೆಯಲ್ಲಿ ಜೋಳದ ಚೀಲಗಳಿದ್ದವು, ಅವನ್ನು ಸರಿಸಿ ಜಾಗ ಮಾಡಿಕೊಟ್ಟರು. ಅವರಿಗೂ ನಾನು ಋಣಿ. ಆದರೆ ಚೀಲಗಳು ಅಲ್ಲಿ ಇದ್ದದ್ದೇ ಸರಿಯಾಗಿತ್ತು. ನಾನು ಆ ಮೂಲೆಗೆ ಹೊಸಬನಾಗಿದ್ದೆ. ಅಂಗಡಿಯಲ್ಲಿ ತಕ್ಕಡಿ ಹಿಡಿದೆ, ಅಣ್ಣ ಮೆಲ್ಲಗೆ ನನ್ನ ಕೈಯಿಂದ ತೆಗೆದುಕೊಂಡು ತಾನೇ ತೂಗಿದ.

ಬೆಳಿಗ್ಗೆ ಮಾಳಿಗೆ ಹತ್ತಿ ಕೂರುತ್ತಿದ್ದೆ. ಎದುರಿಗೆ ಕೋಟೆಯ ಗೋಡೆ. ಬಿಸಿಲು ಅದರ ಮೇಲೆ ಬೀಳುತ್ತಲೇ ಅಲ್ಲಿಯೂ ಕಡಜಗಳು. ಹುಡುಗನಾಗಿದ್ದಾಗ ಅದೇ ಮಾಳಿಗೆಯ ಮೇಲೆ ಗಾಳಿಪಟ ಹಾರಿಸಿದವನು ನಾನು, ಅವು ಒಮ್ಮೆಯೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಈಗ ಕಂಡವು. ಒಂದೊಂದು ಕಲ್ಲಿಗೆ ಒಂದೊಂದು ಗಂಡು, ಉಜ್ಜುವುದು, ಏಳುವುದು, ಅಟ್ಟಿಸುವುದು, ಮತ್ತೆ ಕೂರುವುದು. ಕೋಟೆ ಯಾರದೋ, ಕಾಲ ಯಾವುದೋ, ಅವುಗಳ ಜಗಳ ಆ ಒಂದು ಕಲ್ಲಿಗೆ. ಚಳಿ ಹೆಚ್ಚಿದಂತೆ ಕಡಿಮೆಯಾದವು. ಬಿಸಿಲು ಬಂದ ಮೇಲೂ ಎಷ್ಟೋ ಕಲ್ಲು ಖಾಲಿ ಇರುತ್ತಿದ್ದವು. ಉಳಿದವು ಇಡೀ ಗೋಡೆಯೇ ಖಾಲಿಯಿದ್ದರೂ ತಮ್ಮ ಕಲ್ಲಿಗೇ ಬಂದು ಕೂರುತ್ತಿದ್ದವು. ಅಟ್ಟಿಸಲು ಯಾರೂ ಇರುತ್ತಿರಲಿಲ್ಲ. ಹೆಣ್ಣುಗಳು ಬರುವ ಕಾಲವೂ ಮುಗಿದಿತ್ತು. ಒಂದು ದಿನ ಮಾಳಿಗೆಯ ಮೇಲೆಯೇ ಒಂದು ಸತ್ತು ಬಿದ್ದಿತ್ತು. ಹಳದಿ ಮುಖ, ಸುರುಳಿ ಮೀಸೆ. ಅವಳಿದ್ದಿದ್ದರೆ ಅದು ಯಾವ ಹುದ್ದೆಯದು ಎಂದು ಹೇಳುತ್ತಿದ್ದಳು.

ಎಳ್ಳಮವಾಸ್ಯೆ ಹತ್ತಿರವಿತ್ತು. ಬಾಳೆಕಾಯಿಯ ಬಂಡಿ ಅಣ್ಣನ ಮನೆಯ ಮುಂದೆ ಬಂದು ನಿಂತಿತು. ಗೊನೆಗಳ ನಡುವಿನಿಂದ, ತಲೆ ತುಂಬ ಸೆರಗು ಹೊದ್ದು ಅತ್ತೆಯವರು ಇಳಿದರು. ಅವರು ಕಮಲಾಪುರ ಬಿಟ್ಟು ಕಲಬುರಗಿಗೆ ಬಂದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಅವರು ಅಡುಗೆ ಮನೆಯ ಬಾಗಿಲ ಮರೆಯಲ್ಲಿ ಕೂತರು. ನಾನು ಪಡಸಾಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತೆ. ನಡುವೆ ಅತ್ತಿಗೆ ನಿಂತರು.

"ಅವರಿಗೆ ಕೇಳವಾ, ಇಷ್ಟು ದಿನ ಆತು, ಯಾವಾಗ ಬರ್ತೀರಿ ಅಂತ."

"ಯಾವಾಗ ಬರ್ತೀರಿ ಅಂತ ಕೇಳ್ತಾರ," ಎಂದರು ಅತ್ತಿಗೆ. ಇದ್ದದ್ದನ್ನು ಇದ್ದ ಹಾಗೆ.

"ನಾ ಮತ್ತ ಬರೋದು ಹ್ಯಾಂಗ ಅಂತ ಕೇಳ್ರಿ, ಅತ್ತಿಗಿ. ಹೋಗು ಅಂತ ಅವರೇ ಹೇಳಿದ್ರಲ್ಲ."

ಅತ್ತಿಗೆ ಬಾಯಿ ತೆರೆಯುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿತು. ಅವರು ಓಡಿದರು. ನಡುವಿನ ಜಾಗ ಖಾಲಿಯಾಯಿತು.

ಬಾಗಿಲ ಮರೆಯಿಂದ ನೇರವಾಗಿ ದನಿ ಬಂತು. "ನಾ ಯಾವಾಗ ಹೇಳೀನ್ರೀ?"

ಆ ಪ್ರಶ್ನೆ ನನಗೇ ಎಂದು ತಿಳಿಯಲು ನನಗೆ ಹೊತ್ತು ಹಿಡಿಯಿತು. ನಾನು ಗೋಡೆಗೇ ಹೇಳಿದೆ. "ಗೂಡಿಗಿ ಹೇಳಿದ್ರಿ. ನೂಕ್ರಿ ಅಂದ್ರಿ. ಕೂಡಿಸ್ಕೊಂಡು ಎಷ್ಟು ದಿನ ಉಣಸ್ತೀರಿ ಅಂದ್ರಿ. ಗಂಡು ಅಂದಮ್ಯಾಲ ಹೊಂಡಬೇಕು ಅಂದ್ರಿ."

ಅತ್ತೆಯವರು ನಗುತ್ತಿದ್ದಾರೋ ಅಳುತ್ತಿದ್ದಾರೋ ತಿಳಿಯದಂಥ ಸಪ್ಪಳ ಬಂತು.

"ಅದು ಕಡಜಕ್ಕ ಹೇಳಿದ್ದು. ಚಳಿ ಬಂದ್ರೂ ಒಂದು ಗಂಡು ಗೂಡಿನ ಮ್ಯಾಲೇ ಕುಂತಿತ್ತು, ನಾಕು ಹೆಣ್ಣು ಉಳದಿದ್ವು, ಅವುಗಳ ಬಾಯಿಗಿ ಬಾಯಿ ಹಚ್ಚಿ ಉಣ್ಣಾಕತ್ತಿತ್ತು. ನಿಮಗ್ಯಾಕ ಹೇಳ್ಲಿ ನಾ? ನೀವು ಅಣ್ಣನ ಮಾರಿ ನೋಡಿ ಬರ್ತೀರಿ, ಜೀವಕ್ಕ ಹಗುರಾಗ್ತದ ಅಂತ ಬುತ್ತಿ ಕಟ್ಟಿಕೊಟ್ಟೆ. ದಿನಾ ಬಂಡಿ ಹಾದಿ ನೋಡೀನಿ."

ನಾನು ಗೋಡೆಯ ಕಡೆಯಿಂದ ಬಾಗಿಲ ಕಡೆಗೆ ತಿರುಗಿದೆ.

"ಅಮವಾಸಿಗಿ ಹೊಲದಾಗ ಭೂಮಿತಾಯಿಗಿ ಚರಗ ಚೆಲ್ಲಬೇಕು," ಎಂದರು. "ಒಬ್ರು ಚೆಲ್ಲಿದ್ರ ಹಿಂದೊಬ್ರು ನೀರು ಹಾಕ್ಕೋಂತ ಬರಬೇಕು. ನಾ ಒಬ್ಬಾಕಿ ಹ್ಯಾಂಗ ಮಾಡ್ಲಿ? ಆಕಿ ಇಲ್ಲ ಅಂದ್ರ ನೀವೂ ಇಲ್ಲೇನು? ಆಕಿನ್ನ ಕೊಟ್ಟ ದಿನಾನೇ ನಿಮ್ಮನ್ನ ತಗೊಂಡೀನಿ ನಾ. ಇನ್ನ ಮ್ಯಾಲ ಹೇಳೋದಿದ್ರ ನಿಮಗೇ ಹೇಳ್ತೀನಿ. ಗೂಡಿಗಿ ಹೇಳಂಗಿಲ್ಲ. ಏಳ್ರಿ, ಬಂಡಿ ಕಾಯ್ಲಾಕತ್ತದ."

ಅತ್ತಿಗೆ ಹಾಲಿನ ಪಾತ್ರೆ ಹಿಡಿದು ಬಂದು, ಯಾರ ಮಾತನ್ನು ಯಾರಿಗೆ ಮುಟ್ಟಿಸಬೇಕೆಂದು ತಿಳಿಯದೆ ನಿಂತರು. ನಾನು ಗಂಟು ಕಟ್ಟಲು ಎದ್ದೆ.

ಹಿಂದಿರುಗುವಾಗ ಬಂಡಿಯ ಸಾಬರು, "ಗಂಟು ಸಣ್ಣದಾಗ್ಯದಲ್ಲ," ಎಂದರು. ಈ ಸಲ ನಾನು ನಕ್ಕೆ.

ಎಳ್ಳಮವಾಸ್ಯೆಯ ದಿನ ಹೊಲದ ತುಂಬ ಬಿಳಿಜೋಳ ನಿಂತಿತ್ತು. ಬುಟ್ಟಿಯಲ್ಲಿ ಸಜ್ಜೆ ರೊಟ್ಟಿ, ಕಡಬು, ಭಜ್ಜಿ. ನಾನು ಮುಂದೆ ಅದನ್ನೆಲ್ಲ ಕಲಸಿದ ಚರಗವನ್ನು ಪೈರಿನ ಮೇಲೆ ಚೆಲ್ಲುತ್ತ ನಡೆದೆ. ಹಿಂದೆ ತಂಬಿಗೆ ಹಿಡಿದು ಅವರು ನೀರು ಹಾಕುತ್ತ ಬಂದರು. ಅದು ಹೆಂಗಸರು ಮಾಡುವುದಲ್ಲ ಎಂದು ಪಕ್ಕದ ಹೊಲದವರು ಅಂದಿರಬಹುದು, ನಮಗೆ ಕೇಳಿಸಲಿಲ್ಲ. ತೋಟದ ಬದುವಿನಲ್ಲಿ ಅವಳ ಮಣ್ಣಿನ ಮೇಲೂ ಒಂದು ಹಿಡಿ ಇಟ್ಟೆವು.

ಜಂತಿಯ ಗೂಡು ಖಾಲಿಯಾಗಿತ್ತು. ಆ ತಡವಾದ ಗಂಡು ಎಲ್ಲಿ ಹೋಯಿತೋ. ಚಳಿಗಾಲ ಕಳೆದು ಹೋಳಿ ಹುಣ್ಣಿಮೆಯ ಸುಮಾರಿಗೆ ಗೋಡೆಯ ಬಿರುಕಿನಿಂದ ಒಂದೇ ಒಂದು ಹೆಣ್ಣು ಹೊರಬಂದು ಹಳೆಯ ಗೂಡಿನ ಪಕ್ಕದಲ್ಲಿ ಹೊಸ ತೊಟ್ಟು ಕಟ್ಟಲು ಹಿಡಿಯಿತು. ಊರಿಗೆ ಹೊಸದಾಗಿ ಬಂದ ಶಾಲೆಯ ಮಾಸ್ತರರು ಒಮ್ಮೆ ಹಣ್ಣಿಗೆಂದು ಬಂದವರು ಅದನ್ನು ನೋಡಿ ತಾವು ಓದಿದ್ದನ್ನು ಹೇಳಿದರು. ಗಂಡು ಚಳಿ ಕಳೆಯುವ ಮೊದಲೇ ಸಾಯುತ್ತದಂತೆ, ಅದು ಕೊಟ್ಟದ್ದನ್ನು ಹೆಣ್ಣು ಚಳಿಗಾಲವೆಲ್ಲ ಹೊಟ್ಟೆಯಲ್ಲಿ ಕಾಪಾಡಿಕೊಂಡಿರುತ್ತದಂತೆ, ಅದರಿಂದಲೇ ಮುಂದಿನ ಗೂಡಿನ ಹೆಣ್ಣುಮಕ್ಕಳೆಲ್ಲ. ಗಂಡುಮಕ್ಕಳು ಮಾತ್ರ ತಾಯಿಯೊಬ್ಬಳಿಂದಲೇ, ಗಂಡು ಕಡಜಕ್ಕೆ ತಂದೆ ಎಂಬುವನೇ ಇಲ್ಲವಂತೆ.

ಅತ್ತೆಯವರು ಒಳಗಿನಿಂದ ಕೇಳಿಸಿಕೊಂಡಿದ್ದರು. ಮಾಸ್ತರರು ಹೋದ ಮೇಲೆ, "ತಂದಿ ಇಲ್ಲದ್ದಕ್ಕೇ ಅವಕ್ಕ ಮುಳ್ಳಿಲ್ಲೇನೋ," ಎಂದರು. ಆಮೇಲೆ ಸೆರಗು ಎಳೆದುಕೊಳ್ಳುತ್ತ, "ನಿಮಗೂ ಇಲ್ಲ," ಎಂದರು.

ಹೊಗಳಿದರೋ ಛೇಡಿಸಿದರೋ ತಿಳಿಯಲಿಲ್ಲ. ಅವಳಿದ್ದಿದ್ದರೆ ಯಾವುದೆಂದು ತಿಳಿಯುವ ಹಾಗೆ ಹೇಳುತ್ತಿದ್ದಳು.

ನನ್ನ ಅವಳ ನಡುವೆ ಹಾಗೆ ಕಾಪಾಡಿಕೊಳ್ಳುವಂಥದು ಏನೂ ಉಳಿಯಲಿಲ್ಲ. ಮಗು ಇಲ್ಲ. ಆದರೂ ನನಗೆ ಮನೆ ಉಂಟು, ತೋಟವುಂಟು, ಬೆಳಿಗ್ಗೆ ಬಿಸಿಲು ಬೀಳುವ ಬಾವಿಯ ಕಂಬವುಂಟು. ಬಿಸಿ ರೊಟ್ಟಿ ಉಂಟು. ಇಷ್ಟನ್ನೂ ನನಗೆ ಕೊಡಬೇಕೆಂಬ ಕಟ್ಟಳೆ ಯಾರಿಗೂ ಇರಲಿಲ್ಲ. ಒಬ್ಬ ಹೆಂಗಸು ಬಾಳೆಯ ಬಂಡಿ ಹತ್ತಿ ಬಂದು ಕೊಟ್ಟರು. ಅದನ್ನು ಬರೆದಿಡಬೇಕೆಂದು ಇದನ್ನು ಬರೆದೆ.

ಅತ್ತೆಯವರು ಕೊಟ್ಟ ಮಾತಿನಂತೆ ಈಗ ನನಗೇ ಹೇಳುತ್ತಾರೆ. ಸೆರಗು ಇನ್ನೂ ತಲೆಯ ಮೇಲಿದೆ, ಮಾತು ಮಾತ್ರ ನೇರ. ಹಗ್ಗ ಹಳೆಯದಾಗಿದ್ದರೆ ಹಗ್ಗ ಹಳೆಯದಾಗಿದೆ ಎನ್ನುತ್ತಾರೆ. ರೊಟ್ಟಿ ಚೆನ್ನಾಗಿದ್ದರೆ ರೊಟ್ಟಿ ಚೆನ್ನಾಗಿದೆ ಎನ್ನುತ್ತೇನೆ. ಅದಕ್ಕೆ ತನ್ನದೊಂದಿಷ್ಟು ಸೇರಿಸಿ ಈ ಕಡೆಯಿಂದ ಆ ಕಡೆಗೆ ಒಯ್ಯುವವಳು ಇಲ್ಲ.